ನಾಯಕಿ ಮಿಸ್ ಮಂಚದ ಸುತ್ತ

ಕಳೆದ ತಿಂಗಳು ಇಂದಿರಾನಗರದ ಮೆಡಿಕಲ್ ಶಾಪೊಂದರಲ್ಲಿ ಮೊಣಕಾಲು ನೋವಿನ ಮುಲಾಮು ಕೊಳ್ಳಲು ನಿಂತಿದ್ದೆ. "ಬರೀ ಮುಲಾಮು ಸಾಲಲ್ಲ ಮೇಡಂ, ಮೇಲೆ ಸ್ವಲ್ಪ ಶಾಖ ಕೊಡಿ" ಎನ್ನುತ್ತ ಅಂಗಡಿಯವರು ಬಿಸಿನೀರು ತುಂಬುವ ರಬ್ಬರ್ ಚೀಲವೊಂದನ್ನು ಕವರಿನಿಂದ ತೆಗೆದು ನನ್ನೆದುರಿಗಿಟ್ಟರು. ಹೊಸ ರಬ್ಬರಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಹಿಂದೆ ಸರಿಯಿತು. "ಬ್ಯಾಡ ಬಿಡ್ರಿ" ಎಂದು ಮುಲಾಮನ್ನಷ್ಟೇ ತೆಗೆದುಕೊಂಡು ಹೊರಗೆ ಬಂದೆ. ನೂರಡಿ ರಸ್ತೆಯ ಗದ್ದಲದಲ್ಲಿ ಆಟೋಗೆ ಕಾಯುತ್ತ ನಿಂತಿದ್ದರೂ ಮನಸ್ಸು ೨೦೦೨ರ ಮಳೆಗಾಲಕ್ಕೆ, ಕುಕ್ ಟೌನಿನ ಒಂದು ಹಳೆಯ ಬಂಗಲೆಯ ಒಳಕೋಣೆಗೆ ಹೋಗಿಬಿಟ್ಟಿತ್ತು.

ಆಗ ನನಗೆ ಇಪ್ಪತ್ತಾರು ವರ್ಷ. ಮದುವೆಯಾಗಿ ಹರಿಹರದಿಂದ ಬಂದು ಗರುಡಾಚಾರ್‌ಪಾಳ್ಯದ ಶೀಟಿನ ಮನೆಯಲ್ಲಿ ಐದು ವರ್ಷ ಕಳೆದಿದ್ದೆ. ನಮ್ಮವರು ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯಲ್ಲಿದ್ದರು. ಆ ವರ್ಷ ಅಲ್ಲಿ ವಾರಕ್ಕೆ ಮೂರೇ ದಿನ ಕೆಲಸ. ನಾನು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಸೆಕ್ಷನ್ನಿನವಳಾಗಿದ್ದೆ. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ಎಣ್ಣೆಯ ಕಲೆ ಬಿದ್ದಿದೆ ಎಂದು ಹುಡುಕುವುದೇ ಕೆಲಸ. ಆ ಫ್ಯಾಕ್ಟರಿಯನ್ನು ಊರಾಚೆ ಸಾಗಿಸಿದರು. ನಾನು ಮನೆಯಲ್ಲಿ ಉಳಿದೆ. ಹಾಗಿರುವಾಗ ಪಕ್ಕದ ಮನೆಯಾಕೆ ಪೇಪರಿನ ತುಂಡೊಂದನ್ನು ತಂದುಕೊಟ್ಟಳು. ಮನೆಯಲ್ಲೇ ಇರುವ ರೋಗಿಗಳನ್ನು ನೋಡಿಕೊಳ್ಳಲು ಹೆಂಗಸರು ಬೇಕು, ಒಂದು ತಿಂಗಳು ತರಬೇತಿ ಕೊಟ್ಟು ಕೆಲಸಕ್ಕೆ ಕಳಿಸುತ್ತೇವೆ ಎಂದಿತ್ತು. ಊರಿಗೆ ಫೋನು ಮಾಡಿ ಅತ್ತೆಗೆ, "ಆಸ್ಪತ್ರಿ ಆಫೀಸ್ನಾಗ ಕೆಲ್ಸ ಸಿಕ್ಕೈತ್ರಿ" ಎಂದೆ. ಕಂಡವರ ಹೇಲು ಉಚ್ಚೆ ಬಳಿಯುವ ಕೆಲಸ ಎಂದಿದ್ದರೆ ಅವರು ಮೊದಲ ಬಸ್ಸಿಗೇ ಬಂದು ನನ್ನನ್ನು ಎಳೆದೊಯ್ಯುತ್ತಿದ್ದರು.

ಆ ಕಂಪನಿ ನಡೆಸುತ್ತಿದ್ದವರು ವಿಮಲಾ ಮೇಡಂ. ಬ್ಯಾಂಕಿನಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು, ತಾವಿದ್ದ ಬಂಗಲೆಯ ಮುಂಭಾಗದ ಎರಡು ಕೋಣೆಗಳನ್ನೇ ಆಫೀಸು ಮಾಡಿಕೊಂಡಿದ್ದರು. ಒಂದು ಟೇಬಲ್ಲು, ಒಂದು ಫೋನು, ಗೋಡೆಗೆ ಒಂದು ಕಪ್ಪು ಹಲಗೆ. 'ಹೋಮ್ ಕೇರ್' ಎಂಬ ಮಾತನ್ನೇ ನಾನು ಮೊದಲ ಸಲ ಕೇಳಿದ್ದು ಅಲ್ಲಿ. ಮೊದಲ ದಿನ ಹನ್ನೊಂದು ಹೆಂಗಸರು ಸೇರಿದ್ದೆವು. ಬೆಂಚಿನ ಮೇಲೆ ನನ್ನ ಪಕ್ಕ ಕೂತವಳು ಮೆಹರುನ್ನಿಸಾ, ಶಿವಾಜಿನಗರದವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಎಲೆಯಡಿಕೆಯ ಡಬ್ಬಿ ತೆಗೆದು, "ಬೇಕಾ ಬೆಹನ್?" ಎಂದಳು. ನಾನು ಬೇಡವೆಂದೆ. "ಭಯ ಕೈಕು? ನಾವೇನು ಪರೀಕ್ಷೆ ಬರೀತೀವಾ ಇಲ್ಲಿ" ಎಂದು ನಕ್ಕಳು.

ವಿಮಲಾ ಮೇಡಂ ಬಂದು, "ಫಾರಂ ಎಲ್ಲ ಆಮೇಲೆ ತುಂಬೋಣ. ಮೊದ್ಲು ಒಳಗೆ ಬನ್ನಿ, ನಿಮ್ಮ ಟೀಚರ್ ಕಾಯ್ತಿದ್ದಾರೆ" ಎಂದರು.

ಬಿಳಿ ಸೀರೆ ಉಟ್ಟ ನರ್ಸಮ್ಮನೊಬ್ಬರು ಇರುತ್ತಾರೆ ಎಂದುಕೊಂಡು ಒಳಗೆ ಹೋದೆವು. ಎತ್ತರದ ಹೆಂಚಿನ ಸೂರಿನ ಕೋಣೆ, ದೊಡ್ಡ ಕಿಟಕಿ, ಕಿಟಕಿಯ ಪಕ್ಕ ಒಂದು ಕಬ್ಬಿಣದ ಮಂಚ. ಮಂಚದ ಮೇಲೆ ಅರವತ್ತು ಸಮೀಪಿಸಿದ ಒಬ್ಬ ಹೆಂಗಸು ಮೂರು ದಿಂಬುಗಳಿಗೆ ಒರಗಿಕೊಂಡು ಮಲಗಿದ್ದರು. ಚೆನ್ನಾಗಿ ಬಾಚಿದ ಗಿಡ್ಡ ಕೂದಲು, ಹಣೆಯಲ್ಲಿ ಕುಂಕುಮ, ಕುತ್ತಿಗೆಯವರೆಗೆ ಹೊದಿಸಿದ ಚಾದರ. ದಿಂಬಿನ ಪಕ್ಕ, ತಲೆ ಹೊರಳಿಸಿದರೆ ಬಾಯಿಗೆ ಸಿಗುವಷ್ಟು ಹತ್ತಿರ ಒಂದು ಸೀಟಿಯನ್ನು ಪಿನ್ನಿನಿಂದ ಸಿಕ್ಕಿಸಿದ್ದರು. ನಾವು ಗುಂಪಾಗಿ ಬಾಗಿಲಲ್ಲೇ ನಿಂತದ್ದನ್ನು ನೋಡಿ ಅವರು ತಲೆ ತಿರುಗಿಸಿ ಸೀಟಿ ಕಚ್ಚಿ ಒಮ್ಮೆ ಊದಿದರು.

"ಸಾಲಾಗಿ ನಿಂತ್ಕೊಳ್ಳಿ. ಗಿಡ್ಡ ಇರೋರು ಮುಂದೆ, ಎತ್ತರದವ್ರು ಹಿಂದೆ."

ಹನ್ನೊಂದು ಜನವೂ ಶಾಲೆಯ ಮಕ್ಕಳ ಹಾಗೆ ತಡಬಡಾಯಿಸಿ ಸಾಲು ನಿಂತೆವು.

ಅವರ ಹೆಸರು ಲೋಕನಾಯಕಿ, ವಿಮಲಾ ಮೇಡಂ ಅವರ ಅಕ್ಕ. ಎಲ್ಲರ ಬಾಯಲ್ಲಿ ನಾಯಕಿ ಮಿಸ್. ಹಲಸೂರಿನಲ್ಲಿ ಹುಟ್ಟಿ ಬೆಳೆದವರು. ಕಂಟೋನ್ಮೆಂಟಿನ ಹುಡುಗಿಯರ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವರು. ಒಣಹಾಕಿದ ಬಟ್ಟೆ ಹೊತ್ತುಕೊಂಡು ತಾರಸಿಯಿಂದ ಇಳಿಯುವಾಗ ಮೆಟ್ಟಿಲ ಮೇಲೆ ಜಾರಿ ಕತ್ತಿನ ಮೂಳೆ ಮುರಿದುಕೊಂಡಿದ್ದರು. ಆಗಲೇ ಹನ್ನೆರಡು ವರ್ಷವಾಗಿತ್ತು. ತೋಳು ಸ್ವಲ್ಪ ಎತ್ತಬಲ್ಲರು, ಬೆರಳು ಮಡಚಲಾರರು. ಎದೆಯಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಕ್ಕನನ್ನು ನೋಡಿಕೊಳ್ಳಲು ಆಳು ಹುಡುಕಿ ಹುಡುಕಿ, ಬಂದವರು ಯಾರಿಗೂ ಕೆಲಸ ಬಾರದೆ ಸುಸ್ತಾದ ವಿಮಲಾ ಮೇಡಂ, ಕೆಲಸ ಬಲ್ಲವರನ್ನು ತಾವೇ ತಯಾರು ಮಾಡೋಣವೆಂದು ಹೊರಟದ್ದೇ ಆ ಕಂಪನಿಯಾಯಿತು. ಕಲಿಸಲು ಗೊಂಬೆ ತರುತ್ತೇನೆ ಎಂದಿದ್ದರಂತೆ. "ಗೊಂಬೆ ಯಾಕೆ? ನಾನೇ ಇದ್ದೀನಲ್ಲ" ಎಂದವರು ಅಕ್ಕ.

"ಇಲ್ಲಿ ನೋಡ್ರಮ್ಮಾ," ಎಂದು ಅವರು ಶುರು ಮಾಡಿದರು. ತಮಿಳಿನ ರಾಗದ ಕನ್ನಡ, ಗಂಟಲು ಮಾತ್ರ ಆಟದ ಮೈದಾನದ್ದು. "ಈ ಮೈ ಮೇಲೆ ನೀವು ಕಲೀತೀರಿ. ತೊಳೆಯೋದು, ಒರೆಸೋದು, ಎತ್ತೋದು, ತಿರುಗಿಸೋದು, ಎಲ್ಲ. ನೋವಾಯ್ತು ಅಂತ ನಾನು ಹೇಳಲ್ಲ, ಯಾಕಂದ್ರೆ ನಂಗೆ ಗೊತ್ತಾಗಲ್ಲ. ಗಾಯ ಆದ್ರೂ ಗೊತ್ತಾಗಲ್ಲ. ಅದಕ್ಕೆ ನೋಡ್ಬೇಕಾದೋರು ನೀವು. ಒಂದು ಮಾತು ನೆನಪಿಟ್ಕೊಳ್ಳಿ, ಬಿಸಿ ಇರೋದು ಯಾವ್ದೂ ನನ್ನ ಕಾಲ್ ಹತ್ರ ಬರ್ಬಾರ್ದು."

ಆಮೇಲೆ ಚಾದರ ಸರಿಸಲು ಹೇಳಿದರು. ಮೂತ್ರದ ಕೊಳವೆ, ಮಂಚದ ಪಕ್ಕ ತೂಗುವ ಚೀಲ, ಕೋಲಿನಂತಾದ ಕಾಲುಗಳು. ಯಾವ ಮುಚ್ಚುಮರೆಯೂ ಇಲ್ಲದೆ, ಭೂಪಟ ತೋರಿಸುವ ಮೇಷ್ಟರ ಹಾಗೆ ಒಂದೊಂದನ್ನೂ ಹೆಸರಿಸಿ ಹೇಳಿದರು. ನಮ್ಮಲ್ಲಿ ಇಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಊಟದ ಹೊತ್ತಿಗೆ ಅವರು ಮನೆಗೆ ಹೋದರು. ಮರುದಿನ ಇನ್ನೂ ಮೂವರು ಬರಲಿಲ್ಲ. ಆರು ಜನ ಉಳಿದೆವು.

ಎರಡನೆಯ ದಿನ ನಮ್ಮ ಕೈಗೆ ಏನನ್ನೂ ಮುಟ್ಟಲು ಕೊಡಲಿಲ್ಲ. ಹಾಲಿನಲ್ಲಿ ಚಾಪೆ ಹಾಸಿಸಿ ನಮ್ಮನ್ನು ಅಂಗಾತ ಮಲಗಿಸಿದರು. ಎರಡು ಗಂಟೆ ಅಲ್ಲಾಡಬಾರದು. ಬೇಕಾದ್ದು ಬಾಯಲ್ಲಿ ಕೇಳಬೇಕು. ಮೂವರು ಮಲಗಿದರೆ ಮೂವರು ನೋಡಿಕೊಳ್ಳಬೇಕು, ಆಮೇಲೆ ಅದಲುಬದಲು. ಇದೇನು ಮಹಾ ಎಂದು ಮಲಗಿದೆ. ಹತ್ತು ನಿಮಿಷಕ್ಕೆ ಮೂಗಿನ ತುದಿ ಕಡಿಯತೊಡಗಿತು. ಮೆಹರುನ್‌ಗೆ ಹೇಳಿದೆ, ಅವಳು ಕೆರೆದಳು. ಅದು ಸರಿಯಾದ ಜಾಗವಲ್ಲ. ಇನ್ನೊಮ್ಮೆ ಹೇಳಲು ನಾಚಿಕೆ. ಅರ್ಧ ಗಂಟೆಗೆ ಸೊಂಟದ ಕೆಳಗೆ ಬೆಂಕಿ ಇಟ್ಟ ಹಾಗಾಯಿತು. ಚಮಚದಲ್ಲಿ ಅವಳು ಕುಡಿಸಿದ ನೀರು ಕಿವಿಗೆ ಇಳಿಯಿತು. ಒಂದು ಗಂಟೆಗೆ ನಾನು ಎದ್ದು ಕೂತು ಅತ್ತುಬಿಟ್ಟೆ. ನಮ್ಮ ಆರು ಜನರಲ್ಲಿ ಎರಡು ಗಂಟೆ ಪೂರೈಸಿದವಳು ಮೆಹರುನ್ ಒಬ್ಬಳೇ. ಅವಳು ಎದ್ದವಳೇ ಒಳಗೆ ಹೋಗಿ ಮಿಸ್ ಮಂಚದ ಬಳಿ ನಿಂತು, "ಹನ್ನೆರಡು ವರ್ಷ?" ಎಂದಷ್ಟೇ ಕೇಳಿದಳು. ಮಿಸ್ ತಲೆಯಾಡಿಸಿದರು.

ಅಲ್ಲಿಂದ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ಗರುಡಾಚಾರ್‌ಪಾಳ್ಯದಿಂದ ಬಸ್ಸು ಹತ್ತಿ, ಕೆಸರು ಹಾರಿಸುವ ಲಾರಿಗಳ ನಡುವೆ ಶಿವಾಜಿನಗರಕ್ಕೆ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಕುಕ್ ಟೌನ್ ಸೇರುವಷ್ಟರಲ್ಲಿ ಸೀರೆಯ ಅಂಚು ಒದ್ದೆಯಾಗಿರುತ್ತಿತ್ತು. ಒಳಗೆ ಕಾಲಿಟ್ಟೊಡನೆ ಒಣ ಸೀರೆ ಉಟ್ಟು, ಮೊಣಕೈಯವರೆಗೆ ಕೈ ತೊಳೆದು ನಿಲ್ಲಬೇಕು. ಹಾಸಿಗೆಯಲ್ಲಿ ಮನುಷ್ಯರಿರುವಾಗಲೇ ಚಾದರ ಬದಲಿಸುವುದು, ಒಂದು ಸುಕ್ಕೂ ಇಲ್ಲದ ಹಾಗೆ ಎಳೆದು ಕಟ್ಟುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬದಲಿಸಿದಾಗಲೆಲ್ಲ ಬೆನ್ನು, ಸೊಂಟ, ಹಿಮ್ಮಡಿ ನೋಡುವುದು. ಆಮೇಲೆ ಡ್ಯೂಟಿ ಪುಸ್ತಕದಲ್ಲಿ ಗಂಟೆ ಬರೆದು, 'ಚರ್ಮ ಸರಿಯಿದೆ' ಎಂದು ಬರೆದು ಸಹಿ ಹಾಕುವುದು. ಅವರ ಮೈ ನಮ್ಮ ಆರು ಜನರ ಹನ್ನೆರಡು ಕೈಗಳಲ್ಲಿ ಹೊರಳಾಡುವಾಗ ಮಿಸ್ ಕಿಟಕಿಯ ಕಡೆ ನೋಡುತ್ತ ಲೆಕ್ಕ ಹೇಳುತ್ತಿದ್ದರು: "ಒನ್, ಟೂ, ತ್ರೀ, ತಿರುಗಿಸು. ಬೆನ್ನು ಬಗ್ಗಿಸ್ಬೇಡ ಸುನಂದಾ, ಮೊಣಕಾಲು ಬಗ್ಗಿಸು. ಇನ್ನೂ ಮೂವತ್ತು ವರ್ಷ ಬೇಕು ಆ ಬೆನ್ನು ನಿಂಗೆ."

ಸುನಂದಾ ನಾನು. ಬಟ್ಟೆಯ ದೋಷ ಹುಡುಕಿ ಪಳಗಿದ ನನ್ನ ಕಣ್ಣು ಅಲ್ಲಿ ಕೆಲಸಕ್ಕೆ ಬಂತು. ಮೂರನೆಯ ವಾರ ಅವರ ಬಲ ಸೊಂಟದ ಮೇಲೆ ಹುಣಸೆಬೀಜದಷ್ಟು ಕೆಂಪು ಮೊದಲು ಕಂಡದ್ದು ನನಗೆ. ಹಾಸಿಗೆ ಹುಣ್ಣಿನ ಮೊಳಕೆ ಅದು. ಆ ಮಗ್ಗುಲಿಗೆ ನಾಲ್ಕು ದಿನ ಮಲಗಿಸದೆ ಅಲ್ಲಿಗೇ ತಡೆದೆವು. ಮಿಸ್ ವಿಮಲಾ ಮೇಡಂ ಅವರನ್ನು ಕರೆದು, "ಇವಳ ಕಣ್ಣು ನೋಡು, ಎಕ್ಸ್‌ರೇ" ಎಂದರು. ನನಗೆ ಆಕಾಶ ಮೂರೇ ಗೇಣು.

ಒಂದು ಮಧ್ಯಾಹ್ನ ಅನ್ನ ತಿನ್ನಿಸುತ್ತ ಕೇಳಿದೆ, "ಮಿಸ್, ನಮ್ಮಂಥ ಏನೂ ಗೊತ್ತಿಲ್ಲದೋರ ಕೈಯಾಗ ಮೈ ಕೊಡಾಕ ಅಂಜಿಕಿ ಆಗಂಗಿಲ್ಲೇನ್ರಿ ನಿಮ್ಗ?"

"ಆಗುತ್ತೆ," ಎಂದರು. ಬಾಯಲ್ಲಿದ್ದ ತುತ್ತು ನುಂಗಿ, "ಪ್ರತಿ ಸಲ ಆಗುತ್ತೆ. ಹೊಸ ಬ್ಯಾಚ್ ಬಂದ ದಿನ ಬೆಳಿಗ್ಗೆ ಕಾಫಿ ಇಳಿಯಲ್ಲ ನಂಗೆ. ಆದ್ರೆ ನೀವು ಇಲ್ಲಿ ತಪ್ಪು ಮಾಡ್ದೆ ಹೋದ್ರೆ ದೊಮ್ಮಲೂರಲ್ಲೋ ಇನ್ನೆಲ್ಲೋ ಪಾಪ ಯಾವ್ದೋ ಮುದುಕಿ ಮೇಲೆ ಮಾಡ್ತೀರಿ. ಅವ್ಳಿಗೆ ಬೈಯೋಕೂ ಬರಲ್ಲ" ಎಂದರು. ಮತ್ತೆ ಬಾಯಿ ತೆರೆದರು. ನಾನು ಮುಂದಿನ ತುತ್ತು ಇಟ್ಟೆ.

ಆಗಸ್ಟಿನ ಕೊನೆಗೆ ಜಡಿಮಳೆ ಹಿಡಿಯಿತು. ಒಂದು ವಾರ ಬಿಸಿಲೇ ಇಲ್ಲ. ಬಂಗಲೆಯ ಕೆಂಪು ನೆಲ ಕಾಲಿಗೆ ಕೊರೆಯುತ್ತಿತ್ತು. ತರಬೇತಿ ಮುಗಿಯಲು ಎರಡೇ ದಿನ ಬಾಕಿ. ಇಂದಿರಾನಗರದ ಒಂದು ಮನೆಗೆ ನನ್ನ ಹೆಸರು ಗೊತ್ತುಮಾಡಿದ್ದರು. ಆ ಮಧ್ಯಾಹ್ನ ಮಿಸ್ ಬಳಿ ನಾನೊಬ್ಬಳೇ ಇದ್ದೆ. ಮಗ್ಗುಲು ಬದಲಿಸಿ ಪಾದ ಮುಟ್ಟಿದರೆ ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು. ಉಜ್ಜಿದೆ, ಬೆಚ್ಚಗಾಗಲಿಲ್ಲ. ನನ್ನ ಅವ್ವನ ಕಾಲು ನೆನಪಾಯಿತು. ಚಳಿಗಾಲದಲ್ಲಿ ಅವಳು ನಿದ್ದೆಯಿಲ್ಲದೆ ಕಾಲು ಕಾಲು ತಿಕ್ಕಿಕೊಳ್ಳುತ್ತಿದ್ದಳು. ಬಚ್ಚಲುಮನೆಯ ಗೋಡೆಗೆ ವಿಮಲಾ ಮೇಡಂ ತಮ್ಮ ಬೆನ್ನು ನೋವಿಗೆಂದು ತಂದ ಹೊಸ ರಬ್ಬರ್ ಚೀಲ ತೂಗುತ್ತಿತ್ತು. ಅಡುಗೆಮನೆಯಲ್ಲಿ ನೀರು ಕಾದಿತ್ತು. ತುಂಬಿ, ಒಂದು ತೆಳು ಟವೆಲು ಸುತ್ತಿ, ಚಾದರದೊಳಗೆ ಅವರ ಪಾದಕ್ಕೆ ಆನಿಸಿ ಇಟ್ಟೆ. ಮೊದಲ ದಿನದ ಅವರ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಸುತ್ತಿದ್ದೇನಲ್ಲ, ಏನಾಗುತ್ತದೆ ಎಂದುಕೊಂಡೆ. ಅವರಿಗೆ ಹೇಳಲೂ ಇಲ್ಲ. ನನ್ನದೊಂದು ಸಣ್ಣ ಉಪಕಾರ ಎಂದು ಒಳಗೊಳಗೇ ಹಿಗ್ಗಿದ್ದೆ.

ಆಮೇಲೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಮಿಸ್ ಅಂದು ಖುಷಿಯಲ್ಲಿದ್ದರು. ಓಟದ ಸ್ಪರ್ಧೆಯಲ್ಲಿ ಚಪ್ಪಲಿ ಕಳಚಿ ಬಿದ್ದರೂ ನಿಲ್ಲದೆ ಓಡಿ, ಗೆದ್ದಮೇಲೆ ಚಪ್ಪಲಿಗಾಗಿ ಅತ್ತ ಹುಡುಗಿಯ ಕಥೆ ಹೇಳಿ ತಾವೇ ನಕ್ಕರು. ನಗುವಾಗ ಅವರ ಹಣೆಯ ಮೇಲೆ ಬೆವರು ಕಂಡಿತು. ಒರೆಸಿದೆ. ಮತ್ತೆ ಬಂತು. ಮುಖ ಕೆಂಪಗಾಗಿತ್ತು. "ತಲೆ ಯಾಕೋ ಭಾರ" ಎಂದರು. ದಿಂಬು ಸರಿಮಾಡಿ, ಕಿಟಕಿ ತುಸು ತೆರೆದೆ. ಆ ಚಳಿಯಲ್ಲಿ ಬೆವರು ಯಾಕೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ನನಗೆ ಬರಲಿಲ್ಲ.

ನಾಲ್ಕೂವರೆಗೆ ಮಗ್ಗುಲು ಬದಲಿಸಲು ಚಾದರ ಎತ್ತಿದೆ. ಟವೆಲು ಜಾರಿ ಬರೀ ರಬ್ಬರು ಎಡ ಹಿಮ್ಮಡಿಗೆ ಅಂಟಿಕೊಂಡಿತ್ತು. ಚೀಲ ತೆಗೆದರೆ ರೂಪಾಯಿಗಿಂತ ಅಗಲದ ನೀರುಗುಳ್ಳೆ, ಸುತ್ತ ಕೆಂಪು. ಮಿಸ್ ಇನ್ನೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಆ ಹುಡುಗಿಯ ಮಾತೇ ಆಡುತ್ತಿದ್ದರು. ಅವರ ಕಾಲು ಸುಡುತ್ತಿದ್ದಷ್ಟು ಹೊತ್ತೂ ಅವರು ನಗುತ್ತಿದ್ದರು, ಜೊತೆಗೆ ನಾನೂ ನಕ್ಕಿದ್ದೆ.

ಏನು ಮಾಡಿದೆ ಎಂದರೆ, ಉಣ್ಣೆಯ ಕಾಲುಚೀಲ ತೊಡಿಸಿದೆ. ರಬ್ಬರ್ ಚೀಲದ ನೀರು ಚೆಲ್ಲಿ ಒರೆಸಿ ಗೋಡೆಗೆ ತೂಗುಹಾಕಿದೆ. ಡ್ಯೂಟಿ ಪುಸ್ತಕದಲ್ಲಿ 'ನಾಲ್ಕೂವರೆ, ಎಡ ಮಗ್ಗುಲು, ಚರ್ಮ ಸರಿಯಿದೆ' ಎಂದು ಬರೆದೆ. ಕೆಳಗೆ ಸಹಿ ಹಾಕಿದೆ. ಐದಕ್ಕೆ ಮೆಹರುನ್ ಬಂದಳು. ಅಂದು ರಾತ್ರಿಯಿಡೀ, ಮರುದಿನ ಬೆಳಗಿನವರೆಗೆ ಅವಳ ಪಾಳಿ. "ಎಲ್ಲಾ ಠೀಕ್?" ಎಂದಳು. "ಠೀಕ್" ಎಂದೆ.

ಶಿವಾಜಿನಗರದಲ್ಲಿ ಮನೆಯ ಕಡೆ ಹೋಗುವ ಕೆ.ಆರ್. ಪುರದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಅವರಿಗೆ ಗೊತ್ತಾಗುವುದಿಲ್ಲ, ಅವರಿಗೆ ಕಾಣುವುದೂ ಇಲ್ಲ, ಗುಳ್ಳೆ ತಾನೇ ಒಣಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸು ಹಲಸೂರಿಗೆ ಬರುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಮುಂದಿನ ಸಲ ಮಗ್ಗುಲು ಬದಲಿಸಿ ಕಾಲುಚೀಲ ತೆಗೆದು ನೋಡುವವಳು ಮೆಹರುನ್. ನನ್ನ ಸಹಿಯ ಪ್ರಕಾರ ನಾಲ್ಕೂವರೆಗೆ ಚರ್ಮ ಸರಿಯಿದೆ. ಸುಟ್ಟವಳು ಯಾರು ಎಂದರೆ ಎಲ್ಲರೂ ಬೆರಳು ತೋರಿಸುವುದು ಅವಳಿಗೆ. ಅವಳಿಗಾಗಿ ಇಳಿದೆ ಎಂದರೆ ನನ್ನನ್ನು ನಾನೇ ಹೊಗಳಿಕೊಂಡ ಹಾಗಾಗುತ್ತದೆ. ಅರ್ಧ ಅವಳಿಗಾಗಿ. ಇನ್ನರ್ಧ, ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದ ಆ ಮುಖ ಕಣ್ಣಿಂದ ಹೋಗದೆ ಇದ್ದುದಕ್ಕಾಗಿ. ಹಲಸೂರಿನಲ್ಲಿ ಇಳಿದು, ಕೆರೆಯ ಪಕ್ಕದ ರಸ್ತೆ ಹಿಡಿದು, ಕಾಕ್ಸ್ ಟೌನ್ ಮಾರುಕಟ್ಟೆ ದಾಟಿ, ಮಳೆಯಲ್ಲೇ ನಡೆದೆ. ನಡೆಯುತ್ತ ಎರಡು ಸಲ ನಿಂತೆ. ಎರಡು ಸಲವೂ ಹಿಂದಿರುಗಿ ನೋಡಿದೆ.

ನನ್ನನ್ನು ನೋಡಿ ಮೆಹರುನ್, "ಕ್ಯಾ ಹುವಾ? ಬಸ್ ಸಿಗ್ಲಿಲ್ವಾ?" ಎಂದಳು. ನಾನು ನೇರವಾಗಿ ಮಂಚದ ಬಳಿ ಹೋಗಿ ನಿಂತೆ. ಸೀರೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಮಿಸ್, ನಾ ನಿಮ್ಮ ಕಾಲು ಸುಟ್ಟೀನ್ರಿ. ಮಧ್ಯಾಹ್ನ ಬಿಸಿನೀರಿನ ಚೀಲ ಇಟ್ಟಿದ್ದೆ. ಗುಳ್ಳಿ ಎದ್ದೈತಿ. ಯಾರಿಗೂ ಹೇಳ್ದ ಹೋಗಿದ್ದೆ."

ಮಿಸ್ ನನ್ನ ಕಡೆ ತಲೆ ಹೊರಳಿಸಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಯಾವ ಕಾಲು?"

ಮಂಚದ ಕಬ್ಬಿಣ ಹಿಡಿದುಕೊಂಡು, "ಎಡಗಾಲ್ರಿ. ಹಿಮ್ಮಡಿ" ಎಂದೆ.

"ಕನ್ನಡಿ ತಗೊಂಬಾ ಮೆಹರುನ್."

ಮೆಹರುನ್ ಗೋಡೆಯ ಕನ್ನಡಿ ಇಳಿಸಿ ತಂದು ಕಾಲಿನ ಬಳಿ ಓರೆಯಾಗಿ ಹಿಡಿದಳು. ನಾನು ಕಾಲುಚೀಲ ತೆಗೆದೆ. ಮಿಸ್ ಕತ್ತು ಚಾಚಿ ನೋಡಿದರು. ಗುಳ್ಳೆಯನ್ನು ನೋಡಿದ್ದು ಸ್ವಲ್ಪ ಹೊತ್ತು. ಅದಕ್ಕಿಂತ ಹೆಚ್ಚು ಹೊತ್ತು ತಮ್ಮ ಕಾಲನ್ನೇ ನೋಡಿದರು, ಎಷ್ಟೋ ದಿನಕ್ಕೆ ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ. "ನಮ್ಮ ಅಪ್ಪನ ಕಾಲು," ಎಂದರು. "ಹೆಬ್ಬೆರಳು ನೋಡು, ಹಾಗೇ ಇದೆ."

ಆಮೇಲೆ ಕೇಳಿದರು, "ಎಷ್ಟು ಹೊತ್ತಿಗೆ ಇಟ್ಟೆ?"

"ಮೂರೂಕಾಲಿಗೆ ಇರ್ಬೇಕ್ರಿ."

"ಮೂರೂವರೆಗೆ ನಂಗೆ ಬೆವರಿತ್ತು. ತಲೆ ಭಾರ ಅಂದೆ ನಿಂಗೆ." ಅವರ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು. ಸಂಜೆ ಡ್ರೆಸಿಂಗಿಗೆ ಬಂದ, ನಮಗೆ ಆಗಾಗ ಪಾಠ ಹೇಳಿಕೊಡುತ್ತಿದ್ದ ನಿವೃತ್ತ ನರ್ಸ್ ಸಿಸ್ಟರ್ ಅದನ್ನು ನನಗೆ ಬಿಡಿಸಿ ಹೇಳಿದರು. ಕತ್ತಿನ ಹತ್ತಿರ ಬೆನ್ನುಮೂಳೆ ಮುರಿದವರಿಗೆ ಕೆಳಗಿನ ನೋವು ಮನಸ್ಸಿಗೆ ಮುಟ್ಟುವುದಿಲ್ಲ. ಆದರೆ ಮೈಗೆ ಮುಟ್ಟುತ್ತದೆ. ಕಾಲು ಸುಟ್ಟರೆ ಹಣೆ ಬೆವರುತ್ತದೆ, ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ. ತಕ್ಷಣ ಕಾರಣ ಹುಡುಕಿ ತೆಗೆಯದಿದ್ದರೆ ಪ್ರಾಣಕ್ಕೇ ಕುತ್ತು ಬರುತ್ತದೆ. ಸಿಸ್ಟರ್ ಮೊದಲೊಮ್ಮೆ ಪಾಠದಲ್ಲಿ ಹೇಳಿದ್ದರಂತೆ, ನನ್ನ ತಲೆಗೆ ಹತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಸತ್ತಂತೆ ಬಿದ್ದಿದ್ದ ಆ ಕಾಲು ಅಷ್ಟು ದೂರದ ಹಣೆಯವರೆಗೆ ದಾರಿ ಹುಡುಕಿ ಹೋಗಿ ಕೂಗಿತ್ತು. ಆ ಕೂಗನ್ನು ನಾನು ಸೆರಗಿನಿಂದ ಒರೆಸಿ ಹಾಕಿದ್ದೆ.

ವಿಮಲಾ ಮೇಡಂ ನನ್ನನ್ನು ಆಗಲೇ ಹೊರಗೆ ಹಾಕುವವರಿದ್ದರು. ಅಕ್ಕತಂಗಿ ತಮಿಳಿನಲ್ಲಿ ಜೋರಾಗಿ ಮಾತಾಡಿಕೊಂಡರು. ನನಗೆ ಅರ್ಥವಾಗಲೆಂದೇ ಏನೋ, ಮಿಸ್ ಕೊನೆಯ ಮಾತನ್ನು ಕನ್ನಡದಲ್ಲಿ ಹೇಳಿದರು. "ಇವ್ಳನ್ನ ಓಡಿಸಿದ್ರೆ ನಾಳೆ ಸುಡೋಳು ವಾಪಸ್ ಬಂದು ಹೇಳಲ್ಲ ವಿಮಲಾ."

ನನ್ನ ಕಡೆ ತಿರುಗಿ, "ಖುಷಿ ಪಡ್ಬೇಡ. ನಿನ್ನ ಯಾವ ಮನೆಗೂ ಕಳಿಸಲ್ಲ ನಾನು. ಈ ಗಾಯ ವಾಸಿ ಆಗೋವರ್ಗೂ ದಿನಾ ನೀನೇ ನೋಡ್ಬೇಕು. ಈಗ ಆ ಪುಸ್ತಕ ತಗೋ" ಎಂದರು. ನಾಲ್ಕೂವರೆಯ ಸಾಲನ್ನು ಹೊಡೆದು ಹಾಕಲು ಪೆನ್ನು ಎತ್ತಿದೆ. "ಹೊಡೀಬೇಡ. ಅದು ಹಾಗೇ ಇರ್ಲಿ. ಕೆಳಗೆ ನಿಜ ಬರಿ." ಬರೆದೆ. ಆ ಎರಡು ಸಾಲೂ ಒಂದೇ ಕೈಬರಹದಲ್ಲಿ ಒಂದರ ಕೆಳಗೊಂದು ಉಳಿದವು.

ಉಳಿದ ಐದು ಜನ ಕೆಲಸಕ್ಕೆ ಹೊರಟರು. ಇಂದಿರಾನಗರದ ಮನೆಗೆ ನನ್ನ ಬದಲು ಮೆಹರುನ್ ಹೋದಳು. ಹೋಗುವಾಗ ನನ್ನ ಗಲ್ಲ ಹಿಡಿದು, "ನೀನು ಬರ್ದೆ ಇದ್ದಿದ್ರೆ ನನ್ ಗತಿ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ರಕ್ತ ಸರಿಯಾಗಿ ಓಡದ ಕಾಲಿನ ಗಾಯ ಬೇಗ ಮಾಯುವುದಿಲ್ಲ. ಗುಳ್ಳೆ ಒಡೆಯಿತು, ಹುಣ್ಣಾಯಿತು. ಎರಡನೆಯ ವಾರ ಮಿಸ್‌ಗೆ ಜ್ವರ ಬಂತು. ಡಾಕ್ಟರು ನೋಡಿ, ಕೀವು ಮೂಳೆಗೆ ಇಳಿದರೆ ಆಸ್ಪತ್ರೆಗೆ ಸೇರಿಸಬೇಕು, ಕಾಲು ತೆಗೆಯಬೇಕಾಗಿ ಬಂದರೂ ಬರಬಹುದು ಎಂದರು. ಆ ನಾಲ್ಕು ದಿನ ನಾನು ಮನೆಗೆ ಹೋಗಲಿಲ್ಲ. ನಮ್ಮವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು, "ಅಲ್ಲೇ ಇರು, ಮುಗಿಸ್ಕೊಂಡು ಬಾ" ಎಂದರು. ಮೆಹರುನ್ ಶಿವಾಜಿನಗರದ ದರ್ಗಾದಿಂದ ದಾರ ತಂದು ಮಂಚದ ಕಾಲಿಗೆ ಕಟ್ಟಿದಳು. ನಾನು ಹಲಸೂರಿನ ದೇವಸ್ಥಾನದ ಕುಂಕುಮ ತಂದು ಮಿಸ್ ಹಣೆಗಿಟ್ಟೆ. ಜ್ವರದ ಕಣ್ಣು ತೆರೆದು ಅವರು, "ಮಾತ್ರೆ ಕೊಟ್ಯಾ? ಅದು ಮೊದ್ಲು" ಎಂದರು. ಐದನೆಯ ದಿನ ಬೆಳಿಗ್ಗೆ ಥರ್ಮಾಮೀಟರಿನ ಗೆರೆ ಇಳಿದಿತ್ತು.

ಮುಂದಿನ ವಾರಗಳಲ್ಲಿ ಪ್ರತಿ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ಮಿಸ್ ಕೇಳುತ್ತಿದ್ದರು, "ಇವತ್ತು ಏನು ಬಣ್ಣ?" ನಾನು ಹೇಳಬೇಕು. ಚೆಕಿಂಗ್ ಟೇಬಲ್ಲಿನಲ್ಲಿ ಬಣ್ಣದ ಛಾಯೆ ಗುರುತಿಸುತ್ತಿದ್ದವಳಿಗೆ ಆ ಕಾಲಿನ ಮೇಲೆ ಎಷ್ಟು ಬಣ್ಣ ಕಂಡವೋ. ಹಳಸಿದ ಮೊಸರಿನ ಬಣ್ಣ, ನೆನೆದ ಹುಣಸೆಯ ಬಣ್ಣ. ದಾಳಿಂಬೆ ಕಾಳಿನ ಹಾಗೆ ಕೆಂಪಗೆ, ಹರಳು ಹರಳಾಗಿ ಕಂಡರೆ ಹೊಸ ಮಾಂಸ ಬರುತ್ತಿದೆ ಎಂದು ಅರ್ಥ, ಸಿಸ್ಟರ್ ಹೇಳಿದ್ದರು. ಒಂದು ದಿನ ಪಟ್ಟಿ ಬಿಚ್ಚಿದರೆ ಹುಣ್ಣಿನ ಅಂಚಿನಲ್ಲಿ ಮೂರು ಕಾಳು. ಐವತ್ತೆಂಟು ವರ್ಷದ ಮೈ, ಒಡತಿಗೇ ಸುದ್ದಿ ಮುಟ್ಟಿಸಲಾರದ ಮೈ, ಯಾರೂ ಹೇಳದೆ ತನ್ನಷ್ಟಕ್ಕೆ ತನ್ನನ್ನು ನೇಯ್ದುಕೊಳ್ಳುತ್ತಿತ್ತು. ಎಷ್ಟು ಸಾವಿರ ಅಂಗಿ ನೋಡಿದ್ದೆ, ಹರಿದದ್ದು ತಾನೇ ಕೂಡಿಕೊಂಡದ್ದನ್ನು ಎಲ್ಲೂ ಕಂಡಿರಲಿಲ್ಲ. "ದಾಳಿಂಬಿ, ಮಿಸ್" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಕಣ್ಣಂಚಿನಿಂದ ಇಳಿದ ನೀರನ್ನು ಒರೆಸಿಕೊಳ್ಳಲು ಅವರ ಕೈಗೆ ಆಗುತ್ತಿರಲಿಲ್ಲ. ನಾನು ಒರೆಸಿದೆ.

ಮಳೆ ನಿಂತು, ದೀಪಾವಳಿ ಕಳೆದು, ಬೆಳಗಿನ ಮಂಜು ಶುರುವಾದಾಗ ಗಾಯ ಪೂರ್ತಿ ಮಾಯಿತು. ಹಿಮ್ಮಡಿಯ ಮೇಲೆ ತೆಳು ಗುಲಾಬಿ ಚರ್ಮ ಬಂದಿತ್ತು. ಇನ್ನು ನನ್ನನ್ನು ಯಾವುದಾದರೂ ಮನೆಗೆ ಕಳಿಸುತ್ತಾರೆ ಎಂದುಕೊಂಡೆ. ಅದೇ ವಾರ ಹೊಸ ಬ್ಯಾಚು ಬಂತು. ಒಂಬತ್ತು ಹೆಂಗಸರು. ಒಬ್ಬಳು ಕೈಚೀಲವನ್ನು ಎದೆಗವಚಿಕೊಂಡಿದ್ದಳು, ಇನ್ನೊಬ್ಬಳು ಆಗಲೇ ಸೆರಗು ಮೂಗಿನ ಹತ್ತಿರ ತಂದಿದ್ದಳು. ಅಂದು ಬೆಳಿಗ್ಗೆ ಮಿಸ್ ಕಾಫಿ ಬೇಡವೆಂದದ್ದು ನನಗೆ ಗೊತ್ತಿತ್ತು. ಅವರು ಸೀಟಿ ಊದಿದರು, ಸಾಲು ನಿಲ್ಲಿಸಿದರು. ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಗದ್ದದಿಂದಲೇ ಸನ್ನೆ ಮಾಡಿ ಮಂಚದ ಪಕ್ಕಕ್ಕೆ ಕರೆದರು.

"ಇವಳು ಸುನಂದಾ," ಎಂದರು. "ನನ್ನ ಕಾಲು ಸುಟ್ಟೋಳು. ವಾಸಿ ಮಾಡಿದ್ದೂ ಇವ್ಳೇ. ಇನ್ಮೇಲೆ ನಿಮ್ಗೆ ಟೀಚರ್ ಇವ್ಳು. ಹೇಗೆ ಸುಟ್ಟೆ ಅಂತ ಮೊದ್ಲು ಅವ್ಳೇ ಹೇಳ್ತಾಳೆ. ಆಮೇಲೆ ಅವ್ಳು ಹೇಳ್ದ ಹಾಗೆ ಮಾಡಿ."

ಇದನ್ನು ಅವರು ನನಗೆ ಮೊದಲೇ ಹೇಳಿರಲಿಲ್ಲ. ಒಂಬತ್ತು ಜೊತೆ ಕಣ್ಣುಗಳು ನನ್ನ ಮೇಲಿದ್ದವು. ಮಿಸ್ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ತಮ್ಮ ಮೈಯನ್ನು ಇನ್ನೊಮ್ಮೆ ಹೊಸಬರ ಕೈಗೆ ಬಿಟ್ಟುಕೊಟ್ಟು ಮಲಗಿದ್ದರು. ನಾನು ಎಲ್ಲವನ್ನೂ ಹೇಳಿದೆ. ಚೀಲ ಇಟ್ಟದ್ದು, ಬೆವರು ಒರೆಸಿದ್ದು, ಸುಳ್ಳು ಬರೆದದ್ದು, ಬಸ್ಸು ಹತ್ತಿದ್ದು. ಸೆರಗು ಮೂಗಿಗೆ ತಂದಿದ್ದವಳು ಯಾವಾಗಲೋ ಅದನ್ನು ಕೆಳಗೆ ಬಿಟ್ಟಿದ್ದಳು.

ಆಮೇಲೆ, "ಮೊದ್ಲು ಮೊಣಕೈ ತನಕ ಕೈ ತೊಳ್ಕೊಂಡು ಬರ್ರಿ" ಎಂದೆ. ಒಂಬತ್ತು ಜನವೂ ಸಾಲಾಗಿ ಬಚ್ಚಲಿನ ಕಡೆ ಹೊರಟರು.